ಯಂತ್ರ ಈಗ ಯಾವ ಮೋಡ್‌ನಲ್ಲಿದೆ? ಕಾಕ್‌ಪಿಟ್‌ನಿಂದ ಕಲಿತ ಒಂದು ಪಾಠ

ಬೀದರಿನಲ್ಲಿ ಇಂಜಿನಿಯರಿಂಗ್ ಓದೋರಿಗೆ ವಿಮಾನದ ಸದ್ದು ಹೊಸದಲ್ಲ. ಮೊದಲನೇ ಪೀರಿಯಡ್ ನಡೀತಿರುವಾಗ ಹಾಕ್ ಜೆಟ್ ಮೇಲಿಂದ ಹೋದರೆ ಸರ್ ಅರ್ಧ ವಾಕ್ಯಕ್ಕೆ ನಿಲ್ಲಿಸ್ತಾರೆ, ಸದ್ದು ದೂರ ಹೋದ ಮೇಲೆ ಅದೇ ಅರ್ಧದಿಂದ ಮತ್ತೆ ಶುರು ಮಾಡ್ತಾರೆ. ವಾಯುಪಡೆಯ ತರಬೇತಿ ನೆಲೆ ನಮ್ಮ ಊರಲ್ಲೇ ಇದೆ. 2008ರಲ್ಲಿ ಹಾಕ್ ತರಬೇತಿ ವಿಮಾನಗಳು ವಾಯುಪಡೆಗೆ ಸೇರಿದ್ದು ಇಲ್ಲಿಯೇ. ಸೂರ್ಯಕಿರಣ ತಂಡದ ಮನೆಯೂ ಇದೇ. 2020ರ ಫೆಬ್ರವರಿ 7ರಂದು ಇದೇ ರನ್‌ವೇಯಿಂದ ಬೆಂಗಳೂರಿಗೆ ಪ್ರಯಾಣಿಕರ ವಿಮಾನವೂ ಹಾರಿತು.

ಇಷ್ಟಾದರೂ, ಆ ವಿಮಾನದ ಮೂತಿಯೊಳಗೆ ಕುಳಿತವರ ಮುಂದೆ ಏನಿರುತ್ತದೆ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಉತ್ತರ ಗೊತ್ತಿಲ್ಲ. "ತುಂಬಾ ಬಟನ್ ಇರ್ತಾವು" ಅಂತ ಹೇಳಿ ಮುಗಿಸ್ತೀವಿ. ಹಾಗಾಗಿ ಈ ಸಲದ ಪಾಠಕ್ಕೆ ನಾವು ಕಾಕ್‌ಪಿಟ್ ಮತ್ತು ಏವಿಯಾನಿಕ್ಸ್ ಆರಿಸಿಕೊಂಡೆವು. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವರು. ಕನ್ನಡದಲ್ಲಿ ಎಲ್ಲಾದರೂ ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಿ ಓದಿಕೊಳ್ಳಿ.

ಪಾಠ ಶುರುವಾಗೋದು ಮಾತ್ರ ವಿಮಾನದಿಂದ ಅಲ್ಲ, ಔರಾದ್ ತಾಲ್ಲೂಕಿನ ಒಂದು ಹೊಲದಿಂದ.

ಹೊಲದ ಸ್ಟಾರ್ಟರ್

ನಮ್ಮ ಗುಂಪಿನಲ್ಲಿ ಬೀದರ್ ಸಿಟಿಯವರು, ಭಾಲ್ಕಿಯಿಂದ ದಿನಾ ಬಸ್ಸಿಗೆ ಬರೋರು, ಔರಾದ್ ಕಡೆಯ ಹಳ್ಳಿಯವರು ಎಲ್ಲಾ ಇದ್ದೇವೆ. ಹೋದ ವರ್ಷ ರಜೆಯಲ್ಲಿ ಔರಾದ್ ಕಡೆ ಕಾಕಾನ ಹೊಲಕ್ಕೆ ಹೋಗಿದ್ದೆವು. ಬೋರ್‌ವೆಲ್ ಮೋಟರಿಗೆ ಆಟೋ ಸ್ಟಾರ್ಟರ್ ಕೂರಿಸಿದ್ದರು. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೋ ಹೇಳೋಕಾಗಲ್ಲ. ರಾತ್ರಿ ಬಂದರೆ ಯಾರೂ ಎದ್ದು ಹೋಗಬೇಕಾಗಿಲ್ಲ, ಮೋಟರ್ ತಾನೇ ಚಾಲೂ ಆಗುತ್ತದೆ. ಒಳ್ಳೇ ಸೌಕರ್ಯ.

ಆ ದಿನ ಮಧ್ಯಾಹ್ನ ಮೋಟರ್ ನಿಂತಿತ್ತು. ಪೈಪಿನ ಜೋಡಣೆಯಲ್ಲಿ ನೀರು ಸೋರುತ್ತಿತ್ತು ಅಂತ ಕಾಕಾ ಅದನ್ನು ಬಿಚ್ಚಿ ಕುಂತರು. "ಮೋಟರ್ ಬಂದ್ ಅದ ಅಲಾ ಕಾಕಾ?" ಅಂತ ಕೇಳಿದೆವು. "ಹ್ಞೂಂ, ಬಂದ್ ಅದ ನೋಡ್ರಿ, ಲೈಟ್ ಸುದಾ ಹತ್ತಿಲ್ಲ" ಅಂದರು. ಲೈಟ್ ಹತ್ತಿರಲಿಲ್ಲ, ನಿಜ. ಆದರೆ ಅದು ಹತ್ತದೇ ಇದ್ದದ್ದು ಕರೆಂಟ್ ಇಲ್ಲದ್ದಕ್ಕೆ. ಡಬ್ಬಿಯ ಕೆಳಗಿನ ಸಣ್ಣ ಸ್ವಿಚ್ ಆಟೋದಲ್ಲೇ ಇತ್ತು. ಹತ್ತು ನಿಮಿಷಕ್ಕೆ ಕರೆಂಟ್ ಬಂತು, ಮೋಟರ್ ಚಾಲೂ ಆಯ್ತು, ಅರ್ಧ ಬಿಚ್ಚಿದ ಪೈಪ್ ಸಿಡಿದು ಕಾಕಾನ ಮುಂಗೈಗೆ ಹೊಡೀತು. ಹೊಲಿಗೆ ಹಾಕಿಸಬೇಕಾಯ್ತು. ಆ ಕೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚೋದಿಲ್ಲ.

ಮನೆಯವರೆಲ್ಲ "ನೋಡ್ಕೊಂಡು ಮಾಡ್ಬೇಕಿತ್ತು" ಅಂದರು. ಸರಿ. ಆದರೆ ನೋಡೋಕೆ ಅಲ್ಲಿ ಏನಿತ್ತು? "ಬಂದ್" ಮತ್ತು "ಆಟೋದಲ್ಲಿದೆ, ಕರೆಂಟಿಗೆ ಕಾಯ್ತಾ ಇದೆ", ಈ ಎರಡು ಸ್ಥಿತಿಗಳು ಹೊರಗಿನಿಂದ ಒಂದೇ ತರಹ ಕಾಣುತ್ತಿದ್ದವು. ಮನುಷ್ಯ ಯಂತ್ರ ಒಂದು ಮೋಡ್‌ನಲ್ಲಿದೆ ಅಂತ ತಿಳಿದಿದ್ದಾಗ ಯಂತ್ರ ಇನ್ನೊಂದರಲ್ಲಿ ಇರೋದಕ್ಕೆ ವಿಮಾನದವರು ಮೋಡ್ ಗೊಂದಲ ಅಂತಾರೆ. ಕಾಕ್‌ಪಿಟ್ ವಿನ್ಯಾಸದ ಕಳೆದ ನಲವತ್ತು ವರ್ಷದ ದೊಡ್ಡ ತಲೆನೋವು ಇದೇ.

ಡಯಲ್‌ನಿಂದ ಪರದೆಗೆ

ಮೊದಮೊದಲ ಸಮಸ್ಯೆ ಬೇರೆ ಇತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಸರಿಯಾಗಿ ಇಳಿದ ಮೇಲೆ, ರನ್‌ವೇಯಲ್ಲಿ ಓಡುತ್ತಿರುವಾಗಲೇ ಚಕ್ರ ಮಡಚಿಕೊಂಡು ಹೊಟ್ಟೆ ಮೇಲೆ ಕುಸಿಯುತ್ತಿದ್ದವು. ಆಲ್ಫೋನ್ಸ್ ಚಪಾನಿಸ್ ಎಂಬ ಮನಃಶಾಸ್ತ್ರಜ್ಞ ಕಾಕ್‌ಪಿಟ್‌ಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಫ್ಲಾಪ್‌ನ ಸ್ವಿಚ್ ಮತ್ತು ಚಕ್ರದ ಸ್ವಿಚ್ ಅಕ್ಕಪಕ್ಕ ಇದ್ದವು, ನೋಡಲು ಮುಟ್ಟಲು ಒಂದೇ ತರಹ. ದಣಿದ ಪೈಲಟ್ ಫ್ಲಾಪ್ ಎಳೆಯಲು ಹೋಗಿ ಚಕ್ರ ಎಳೆಯುತ್ತಿದ್ದ. ಚಪಾನಿಸ್ ಒಂದಕ್ಕೆ ಸಣ್ಣ ಚಕ್ರದ ಆಕಾರ, ಇನ್ನೊಂದಕ್ಕೆ ರೆಕ್ಕೆಯಂಥ ಬೆಣೆ ಆಕಾರ ಅಂಟಿಸಿದ. ಕತ್ತಲಲ್ಲೂ ಕೈಗೆ ಗೊತ್ತಾಗಬೇಕು ಅನ್ನೋದು ಅವನ ಲೆಕ್ಕ. ಇವತ್ತಿನ ದೊಡ್ಡ ವಿಮಾನಗಳಲ್ಲೂ ಲ್ಯಾಂಡಿಂಗ್ ಗೇರ್ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ.

ಆಮೇಲೆ ಡಯಲ್‌ಗಳು ಹೆಚ್ಚುತ್ತಾ ಹೋದವು. ಹಳೆಯ ಬೋಯಿಂಗ್ 747ರ ಕಾಕ್‌ಪಿಟ್‌ನಲ್ಲಿ ಮೀಟರ್, ದೀಪ, ಸ್ವಿಚ್ ಎಲ್ಲಾ ಸೇರಿ 971 ಇದ್ದವು. ಅವನ್ನು ನೋಡಿಕೊಳ್ಳಲು ಇಬ್ಬರು ಪೈಲಟ್‌ಗಳ ಜೊತೆ ಫ್ಲೈಟ್ ಇಂಜಿನಿಯರ್ ಅಂತ ಮೂರನೆಯವರು ಬೇಕಿತ್ತು. 1989ರಲ್ಲಿ ಸೇವೆಗೆ ಬಂದ 747-400ರಲ್ಲಿ ಅದು 365ಕ್ಕೆ ಇಳಿಯಿತು, ಮೂರನೇ ಕುರ್ಚಿಯೂ ಹೋಯಿತು. ಅವುಗಳ ಜಾಗಕ್ಕೆ ಬಂದದ್ದು ಪರದೆಗಳು. ಇದನ್ನೇ ಗ್ಲಾಸ್ ಕಾಕ್‌ಪಿಟ್ ಅಂತಾರೆ. ನಮ್ಮ ತಲೆ ಮೇಲೆ ಹಾರುವ ಸೂರ್ಯಕಿರಣ ತಂಡವೂ ಇದೇ ದಾರಿ ನಡೆದಿದೆ. 2011ರವರೆಗೆ ಅವರು ಹಾರಿಸಿದ ಎಚ್‌ಎಎಲ್‌ನ ಕಿರಣ್ ಡಯಲ್‌ಗಳ ವಿಮಾನ, ಈಗಿನ ಹಾಕ್ ಪರದೆಗಳ ವಿಮಾನ.

ಪರದೆ ಬಂದರೂ ಹಳೆಯ ಜೋಡಣೆ ಬದಲಾಗಲಿಲ್ಲ. ಪೈಲಟ್ ಎದುರಿನ ಮುಖ್ಯ ಪರದೆಯ ನಡುವೆ ಆಕಾಶ ನೀಲಿ, ನೆಲ ಕಂದು. ವಿಮಾನ ವಾಲಿದಂತೆ ಆ ಗೆರೆ ವಾಲುತ್ತದೆ. ಎಡಕ್ಕೆ ವೇಗ, ಬಲಕ್ಕೆ ಎತ್ತರ, ಕೆಳಗೆ ದಿಕ್ಕು. ಡಯಲ್ ಕಾಲದಲ್ಲಿ ಇದಕ್ಕೆ ಟಿ ಜೋಡಣೆ ಅನ್ನುತ್ತಿದ್ದರು. ಕಣ್ಣಿಗೆ ರೂಢಿಯಾದದ್ದನ್ನು ಕೆಡಿಸಬಾರದು ಅನ್ನುವುದು ಇಲ್ಲಿಯ ನಿಯಮ. ಬಣ್ಣಕ್ಕೂ ನಿಯಮ ಇದೆ. ಕೆಂಪು ಅಂದರೆ ಈಗಲೇ ಮಾಡು, ಹಳದಿ ಅಂದರೆ ಗಮನ ಕೊಡು, ಹಸಿರು ಅಂದರೆ ನಡೀತಾ ಇದೆ. ಎಲ್ಲ ಸರಿಯಿದ್ದರೆ ತಲೆ ಮೇಲಿನ ಪ್ಯಾನೆಲ್‌ನಲ್ಲಿ ಒಂದು ದೀಪವೂ ಉರಿಯಬಾರದು. ಇದಕ್ಕೆ ಡಾರ್ಕ್ ಕಾಕ್‌ಪಿಟ್ ಅಂತಾರೆ. ದೀಪ ಉರಿದರೆ ಏನೋ ಇದೆ ಅಂತ ಅರ್ಥ.

ಪರದೆಯ ಹಿಂದೆ

ಇಸಿ ಬ್ರಾಂಚಿನವರು ಸ್ವಲ್ಪ ಹತ್ತಿರ ಬನ್ನಿ. ವಿಮಾನದಲ್ಲಿ ವೇಗ ಅಳೆಯುವುದು ಮೂತಿಯ ಬದಿಯ ಪಿಟೋ ಕೊಳವೆ. ನೆಲದಿಂದ ಎತ್ತರ ಅಳೆಯುವುದು ರೇಡಿಯೋ ಆಲ್ಟಿಮೀಟರ್. ಅದು 4.2ರಿಂದ 4.4 ಗಿಗಾಹರ್ಟ್ಸ್ ನಡುವಿನ ಅಲೆ ಕಳಿಸಿ, ನೆಲಕ್ಕೆ ತಾಗಿ ಬಂದ ಪ್ರತಿಧ್ವನಿಯಿಂದ ಲೆಕ್ಕ ಹಾಕುತ್ತದೆ. ಈ ಮಾಹಿತಿ ಕಂಪ್ಯೂಟರ್‌ಗಳಿಗೆ ಹೋಗೋದು ಡೇಟಾ ಬಸ್ ಮೂಲಕ. ಏರ್‌ಬಸ್ ಎ320ರ ಕಾಲದ ಬಸ್ ಎಆರ್‌ಐಎನ್‌ಸಿ 429. ಒಂದು ತಂತಿಯಲ್ಲಿ ಮಾತಾಡುವವರು ಒಬ್ಬರೇ, ಕೇಳುವವರು ಹಲವರು. ಒಂದು ಪದಕ್ಕೆ 32 ಬಿಟ್, ಅದರಲ್ಲಿ 8 ಬಿಟ್ "ಇದು ವೇಗ, ಇದು ಎತ್ತರ" ಅಂತ ಹೆಸರು ಹೇಳೋಕೆ. ಗರಿಷ್ಠ ಸೆಕೆಂಡಿಗೆ 100 ಕಿಲೋಬಿಟ್. ಎ380, ಎ350, ಬೋಯಿಂಗ್ 787ರಲ್ಲಿ ಅದರ ಜೊತೆಗೆ ಸೆಕೆಂಡಿಗೆ 100 ಮೆಗಾಬಿಟ್‌ನ ಈಥರ್ನೆಟ್ ಮಾದರಿ ಜಾಲ ಬಂದಿದೆ. ಅದೂ ಒಂದಲ್ಲ, ಎರಡು. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ.

ಎ320 ಸೇವೆಗೆ ಬಂದದ್ದು 1988ರಲ್ಲಿ. ಪೈಲಟ್ ಕಡ್ಡಿ ಎಳೆದರೆ ರೆಕ್ಕೆಗೆ ತಂತಿ ಹಗ್ಗ ಹೋಗುವುದಿಲ್ಲ, ಕಂಪ್ಯೂಟರಿಗೆ ಸಿಗ್ನಲ್ ಹೋಗುತ್ತದೆ. ಪೂರ್ತಿ ಡಿಜಿಟಲ್ ಆಗಿ ಹೀಗೆ ಹಾರಿದ ಮೊದಲ ಪ್ರಯಾಣಿಕರ ವಿಮಾನ ಇದು. ಕಂಪ್ಯೂಟರ್ ಕೆಟ್ಟರೆ? ಅದಕ್ಕೇ ಒಂದೇ ಕೆಲಸಕ್ಕೆ ಹಲವು ಕಂಪ್ಯೂಟರ್. ಒಂದೇ ತರಹದ ತಪ್ಪು ಎಲ್ಲದರಲ್ಲೂ ಇರಬಾರದು ಅಂತ ಒಂದು ಗುಂಪಿಗೆ ಮೊಟೊರೊಲಾ 68000 ಚಿಪ್, ಇನ್ನೊಂದಕ್ಕೆ ಇಂಟೆಲ್ 80186. ವಿಮಾನವನ್ನೇ ಬೀಳಿಸಬಲ್ಲ ವೈಫಲ್ಯ ಹಾರಾಟದ ನೂರು ಕೋಟಿ ಗಂಟೆಗೆ ಒಂದಕ್ಕಿಂತ ಅಪರೂಪ ಇರಬೇಕು ಅನ್ನೋದು ವಿನ್ಯಾಸದ ಗುರಿ.

ಇಷ್ಟೆಲ್ಲಾ ಲೆಕ್ಕ ಯಂತ್ರ ಕೆಡದಂತೆ ಹಾಕಿದ್ದು. ಯಂತ್ರ ಕೆಡದೇ, ಹೇಳಿದ್ದನ್ನೇ ಮಾಡಿದರೂ ಅಪಘಾತ ಆಗಬಹುದು ಅಂತ ತೋರಿಸಿದ ದಿನ ನಮ್ಮ ರಾಜ್ಯದಲ್ಲೇ ಬಂತು.

ಬೆಂಗಳೂರು, 14 ಫೆಬ್ರವರಿ 1990

ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಬೊಂಬಾಯಿಯಿಂದ ಬೆಂಗಳೂರಿಗೆ ಹೊರಟಿತ್ತು. ಎ320, ಕೆಲವೇ ತಿಂಗಳ ಹೊಸ ವಿಮಾನ. ಒಳಗೆ 146 ಜನ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಗೆ ಇನ್ನೇನು ತಲುಪಬೇಕು, ಅದಕ್ಕೂ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿತು. 92 ಜನ ತೀರಿಕೊಂಡರು, 54 ಜನ ಬದುಕಿದರು. ಇಬ್ಬರೂ ಪೈಲಟ್‌ಗಳು ಉಳಿಯಲಿಲ್ಲ. ಹವಾಮಾನ ಚೆನ್ನಾಗಿತ್ತು, ಇಂಜಿನ್ ಕೆಟ್ಟಿರಲಿಲ್ಲ.

ಹಾಗಾದರೆ ಆಗಿದ್ದೇನು? ಇದನ್ನು ನಿಧಾನವಾಗಿ ನೋಡೋಣ.

ವಿಮಾನ ಇಳಿಯುವಾಗ ಎರಡು ವಿಷಯ ಕಾಯಬೇಕು: ದಾರಿ ಮತ್ತು ವೇಗ. ಸಾಮಾನ್ಯವಾಗಿ ಕೊನೆಯ ಹಂತದಲ್ಲಿ ಮೂತಿಯ ಏರಿಳಿತ ದಾರಿಯನ್ನು ಕಾಯುತ್ತದೆ, ಇಂಜಿನ್ ವೇಗವನ್ನು ಕಾಯುತ್ತದೆ. ವೇಗ ಸ್ವಲ್ಪ ಇಳಿದರೆ ಆಟೋಥ್ರಸ್ಟ್ ತಾನೇ ಇಂಜಿನ್ ಜೋರು ಮಾಡುತ್ತದೆ. ಓಪನ್ ಡಿಸೆಂಟ್ ಎಂಬ ಇನ್ನೊಂದು ಮೋಡ್‌ನಲ್ಲಿ ಕೆಲಸ ಅದಲುಬದಲು. ಇಂಜಿನ್ ಐಡಲ್‌ನಲ್ಲಿ ಸುಮ್ಮನಿರುತ್ತದೆ, ಮೂತಿ ಕೆಳಗಿಳಿಸಿ ವೇಗ ಕಾಯಬೇಕು. ಎತ್ತರದಿಂದ ಬೇಗ ಇಳಿಯೋಕೆ ಅದು ಸರಿ, ನೆಲದ ಹತ್ತಿರ ಅಲ್ಲ.

605 ಕೊನೆಯ ಹಂತದಲ್ಲಿ ಈ ಐಡಲ್ ಓಪನ್ ಡಿಸೆಂಟ್‌ನಲ್ಲೇ ಇತ್ತು. ಮೂತಿ ಎತ್ತಿ ದಾರಿ ಹಿಡಿಯಲಾಯಿತು, ಆದರೆ ವೇಗ ಕಾಯುವವರು ಯಾರೂ ಇರಲಿಲ್ಲ. ಇರಬೇಕಾದ ವೇಗಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ನಾಟ್ ಕಡಿಮೆಯಾಯಿತು. ಅಪಾಯ ಅರಿತು ಥ್ರಾಟಲ್ ಮುಂದೆ ತಳ್ಳಿದಾಗ, ಐಡಲ್‌ನಲ್ಲಿದ್ದ ಜೆಟ್ ಇಂಜಿನ್ ಪೂರ್ತಿ ಶಕ್ತಿಗೆ ಬರಲು ಬೇಕಾದ ಸೆಕೆಂಡುಗಳು ಉಳಿದಿರಲಿಲ್ಲ.

ಆ ಮೋಡ್‌ಗೆ ಹೋದದ್ದು ಹೇಗೆ? ಆಗ ಇಬ್ಬರ ನಡುವೆ ಬಂದ ಸಂಖ್ಯೆ 700. ನಿಮಿಷಕ್ಕೆ 700 ಅಡಿ ವೇಗದಲ್ಲಿ ಇಳಿಯಬೇಕು ಅನ್ನೋದು ಉದ್ದೇಶ. ಅದಕ್ಕೆ ಒಂದು ನಾಬ್ ಇದೆ. ಅದರ ಪಕ್ಕದಲ್ಲೇ ಎತ್ತರದ ನಾಬ್ ಇದೆ. ಕೈ ಪಕ್ಕದ ನಾಬ್‌ಗೆ ಹೋಗಿ ಎತ್ತರವನ್ನೇ 700 ಅಡಿಗೆ ತಿರುಗಿಸಿರಬಹುದು ಅನ್ನೋದು ತನಿಖೆಯಲ್ಲಿ ಬಲವಾಗಿ ಕಂಡ ಸಾಧ್ಯತೆ. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿದೆ. 700 ಅಡಿ ಅಂದರೆ ನೆಲದ ಒಳಗೆ. ಯಂತ್ರಕ್ಕೆ ಅದು ಕೂಡ ಒಂದು ಸಂಖ್ಯೆ ಅಷ್ಟೇ. ಹೇಳಿದ ಎತ್ತರಕ್ಕೆ ಇಳಿಯಲು ಅದು ಹೊರಟಿತು.

ಇನ್ನೊಂದು ಕೊಂಡಿ ಡಿಜಿಟಲ್ ಲಾಜಿಕ್ ಓದಿದ ನಮಗೆ ಬೇಗ ಅರ್ಥವಾಗುತ್ತದೆ. ಇಬ್ಬರು ಪೈಲಟ್‌ಗಳಿಗೂ ಒಂದೊಂದು ಫ್ಲೈಟ್ ಡೈರೆಕ್ಟರ್ ಇರುತ್ತದೆ. ಎರಡೂ ಆಫ್ ಆದರೆ ಆಟೋಥ್ರಸ್ಟ್ ವೇಗ ಕಾಯುವ ಮೋಡ್‌ಗೆ ತಾನೇ ಮರಳುತ್ತದೆ. ಅಂದ್ರೆ ಆಂಡ್ ಗೇಟ್. ಆ ದಿನ ಒಂದು ಆಫ್ ಆಯಿತು, ಇನ್ನೊಂದು ಆನ್ ಉಳಿಯಿತು. ಆಂಡ್ ಗೇಟಿನ ಒಂದು ಇನ್‌ಪುಟ್ ಸೊನ್ನೆಯಾದರೆ ಔಟ್‌ಪುಟ್ ಸೊನ್ನೆ. ಇಂಜಿನ್ ಐಡಲ್‌ನಲ್ಲೇ ಉಳಿಯಿತು. ಪರೀಕ್ಷೆಯಲ್ಲಿ ಎರಡು ಮಾರ್ಕ್ಸಿಗೆ ಬರೆಯುವ ಟ್ರೂತ್ ಟೇಬಲ್ ಇದು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖಾ ಸಮಿತಿ, ಐಡಲ್ ಮೋಡ್‌ನಲ್ಲಿರುವುದು ಗೊತ್ತಿದ್ದೂ, ನಾನೂರು, ಮುನ್ನೂರು, ಇನ್ನೂರು ಅಡಿ ಅಂತ ವಿಮಾನ ತಾನೇ ಕೂಗಿ ಹೇಳಿದ ಮೇಲೂ ಪೈಲಟ್‌ಗಳು ಪರಿಸ್ಥಿತಿಯ ಗಂಭೀರತೆ ಅರಿತು ತಕ್ಷಣ ಥ್ರಾಟಲ್ ಮುಂದೆ ತಳ್ಳಲಿಲ್ಲ ಅಂತ ಕಾರಣ ಹೇಳಿತು. ಅದನ್ನು ನಾವು ಅಲ್ಲಗಳೆಯೋದಿಲ್ಲ. ಅದೇ ಮಾದರಿಯ ಸಾವಿರಾರು ವಿಮಾನಗಳು ಇವತ್ತಿಗೂ ಸುರಕ್ಷಿತವಾಗಿ ಹಾರುತ್ತಿವೆ. ಆದರೆ ಇಂಜಿನಿಯರ್ ಆಗುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆ ಇಬ್ಬರ ಕಣ್ಣಿಗೆ, ಕೈಗೆ, ಕಿವಿಗೆ ವಿಮಾನ ಏನು ಹೇಳುತ್ತಿತ್ತು? ಪರದೆಯ ಮೇಲ್ಭಾಗದಲ್ಲಿ ಮೋಡ್‌ನ ಹೆಸರು ಸಣ್ಣ ಅಕ್ಷರದಲ್ಲಿ ಇತ್ತು. ಹಳೆಯ ವಿಮಾನಗಳಲ್ಲಿ ಆಟೋಥ್ರಾಟಲ್ ಕೆಲಸ ಮಾಡುವಾಗ ಥ್ರಾಟಲ್ ಹಿಡಿಕೆಯೇ ಹಿಂದೆ ಮುಂದೆ ಸರಿಯುತ್ತದೆ, ಹತ್ತಿರವಿರುವ ಕೈಗೆ ಗೊತ್ತಾಗುತ್ತದೆ. ಬೋಯಿಂಗ್ ಇವತ್ತಿಗೂ ಅದನ್ನೇ ಇಟ್ಟುಕೊಂಡಿದೆ. ಎ320ರಲ್ಲಿ ಹಿಡಿಕೆ ಒಂದೇ ಕಡೆ ನಿಂತಿರುತ್ತದೆ, ಇಂಜಿನ್ ಜೋರಾದರೂ ಅಲುಗುವುದಿಲ್ಲ, ಐಡಲ್ ಆದರೂ ಅಲುಗುವುದಿಲ್ಲ. ಇದನ್ನು ಓದಿದಾಗ ನಮಗೆ ನೆನಪಾದದ್ದು ಕಾಕಾನ ಸ್ಟಾರ್ಟರ್ ಡಬ್ಬಿ.

ಒಂದು ಚುಕ್ಕಿಯ ಕತೆ

ಎರಡು ವರ್ಷದ ನಂತರ, 1992ರ ಜನವರಿ 20ರಂದು, ಫ್ರಾನ್ಸಿನಲ್ಲಿ ಏರ್ ಇಂಟರ್‌ನ ಎ320 ಸ್ಟ್ರಾಸ್‌ಬರ್ಗ್ ಹತ್ತಿರದ ಬೆಟ್ಟಕ್ಕೆ ಅಪ್ಪಳಿಸಿತು. 96 ಜನರಲ್ಲಿ 87 ಜನ ತೀರಿಕೊಂಡರು. ಇಲ್ಲೂ ಇಳಿಯುವ ಮೋಡ್‌ನ ಗೊಂದಲವೇ ಮುಖ್ಯ ಸಾಧ್ಯತೆಯಾಗಿ ಕಂಡಿತು. ಒಂದೇ ನಾಬ್, ಒಂದೇ ಕಿಟಕಿ, ಎರಡು ಅರ್ಥ. ಕೋನದ ಮೋಡ್‌ನಲ್ಲಿ "3.3" ಅಂದರೆ 3.3 ಡಿಗ್ರಿ ಇಳಿಜಾರು, ಮೆತ್ತಗೆ ಇಳಿಯೋದು. ಇನ್ನೊಂದು ಮೋಡ್‌ನಲ್ಲಿ "33" ಅಂದರೆ ನಿಮಿಷಕ್ಕೆ 3,300 ಅಡಿ, ಅದಕ್ಕಿಂತ ಎಷ್ಟೋ ಪಟ್ಟು ವೇಗ. ಎರಡರ ನಡುವೆ ಕಣ್ಣಿಗೆ ಕಾಣುವ ಮುಖ್ಯ ವ್ಯತ್ಯಾಸ ಒಂದು ಚುಕ್ಕಿ.

ಆಮೇಲೆ ಏರ್‌ಬಸ್ ಕಿಟಕಿಯನ್ನು ಬದಲಿಸಿತು. ಈಗ ಇಳಿಯುವ ವೇಗ ನಾಲ್ಕು ಅಂಕಿಯಲ್ಲಿ, ಪೂರ್ತಿ "3300" ಅಂತಲೇ ಕಾಣುತ್ತದೆ. ಎರಡು ಸೊನ್ನೆ ಸೇರಿಸಿದ್ದು, ಅಷ್ಟೇ. ಲ್ಯಾಬ್‌ನಲ್ಲಿ ಯೂನಿಟ್ ಬರೆಯದಿದ್ದರೆ ಮೇಡಂ ಅರ್ಧ ಮಾರ್ಕ್ ಯಾಕೆ ಕತ್ತರಿಸ್ತಾರೆ ಅಂತ ನಮಗೆ ಈಗ ಸರಿಯಾಗಿ ಅರ್ಥವಾಯಿತು.

ಈಗಿನ ದೊಡ್ಡ ವಿಮಾನದಲ್ಲಿ

2024ರ ಜನವರಿ 22ರಂದು ಏರ್ ಇಂಡಿಯಾ ತನ್ನ ಎ350ರ ಪ್ರಯಾಣಿಕರ ಸೇವೆ ಶುರು ಮಾಡಿದ್ದು ಬೆಂಗಳೂರು ಮತ್ತು ಮುಂಬೈ ನಡುವೆ. 605 ಹಾರಿದ್ದ ಅದೇ ಎರಡು ಊರುಗಳು. ಎ350ರ ಕಾಕ್‌ಪಿಟ್‌ನಲ್ಲಿ 15 ಇಂಚಿನ ಆರು ದೊಡ್ಡ ಪರದೆಗಳಿವೆ. ಆರೂ ಒಂದೇ ತರಹ. ಒಂದು ಕೆಟ್ಟರೆ ಅದರ ಚಿತ್ರವನ್ನು ಪಕ್ಕದ್ದಕ್ಕೆ ತರಬಹುದು.

ಆದರೆ ನಮಗೆ ಪರದೆಯ ಅಳತೆಗಿಂತ ಮುಖ್ಯ ಅನ್ನಿಸಿದ್ದು ಮೂರು ವಿಷಯ. ಒಂದು, ಮೋಡ್ ಬದಲಾದ ಕೂಡಲೇ ಅದರ ಹೆಸರಿನ ಸುತ್ತ ಹತ್ತು ಸೆಕೆಂಡು ಬಿಳಿ ಚೌಕಟ್ಟು ಮೂಡುತ್ತದೆ. ಈಗ ನಡೆಯುತ್ತಿರುವ ಮೋಡ್ ಹಸಿರು, ಮುಂದೆ ಬರಲು ಕಾಯುತ್ತಿರುವ ಮೋಡ್ ನೀಲಿ. ಪೈಲಟ್‌ಗಳು ಅದನ್ನು ನೋಡಿ ಬಾಯಿಬಿಟ್ಟು ಹೇಳಬೇಕು ಅಂತ ತರಬೇತಿ ಕೊಡುತ್ತಾರೆ. ಎರಡು, ನಕ್ಷೆಯ ಕೆಳಗೆ ವಿಮಾನದ ದಾರಿಯನ್ನು ಪಕ್ಕದಿಂದ ನೋಡಿದಂತೆ ತೋರಿಸುವ ಚಿತ್ರ ಇದೆ. ಮುಂದೆ ನೆಲ ಎಲ್ಲಿ ಏರಿದೆ, ನಾವು ಎಲ್ಲಿ ಇಳಿಯುತ್ತಿದ್ದೇವೆ ಅನ್ನೋದು ಗೆರೆಯಾಗಿ ಕಾಣುತ್ತದೆ. ಮೂರು, ವೇಗದ ಶಕ್ತಿ ಕುಂದುತ್ತಾ ಬಂದರೆ "ಸ್ಪೀಡ್, ಸ್ಪೀಡ್, ಸ್ಪೀಡ್" ಅಂತ ವಿಮಾನವೇ ಕೂಗುತ್ತದೆ. ಬರೀ ಎತ್ತರ ಹೇಳೋದಲ್ಲ, ಏನು ಕಡಿಮೆಯಾಗಿದೆ ಅಂತ ಹೇಳುತ್ತದೆ.

ಹಾಗಂತ ಎಲ್ಲ ಪ್ರಶ್ನೆ ಮುಗಿದಿಲ್ಲ. ಏರ್‌ಬಸ್‌ನಲ್ಲಿ ಥ್ರಸ್ಟ್ ಹಿಡಿಕೆ ಇವತ್ತಿಗೂ ಅಲುಗುವುದಿಲ್ಲ, ಇಬ್ಬರ ಕಡ್ಡಿಗಳೂ ಒಂದಕ್ಕೊಂದು ಜೋಡಿಸಿಲ್ಲ. ಇಬ್ಬರೂ ಒಟ್ಟಿಗೆ ಎಳೆದರೆ "ಡ್ಯೂಯಲ್ ಇನ್‌ಪುಟ್" ಅಂತ ದನಿ ಬರುತ್ತದೆ. ಬೋಯಿಂಗ್‌ನಲ್ಲಿ ಒಬ್ಬರು ಎಳೆದರೆ ಇನ್ನೊಬ್ಬರ ಕೈಗೂ ಗೊತ್ತಾಗುತ್ತದೆ. ಯಾವುದು ಮೇಲು ಅಂತ ಜಗಳ ಇನ್ನೂ ನಡೀತಾನೇ ಇದೆ.

ನಮ್ಮ ಪ್ರಾಜೆಕ್ಟ್

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟಿಗೆ ನಾವು ಮೋಟರ್ ಕಂಟ್ರೋಲರ್ ಮಾಡ್ತಾ ಇದ್ದೇವೆ. ಮೊದಲ ಡಿಸೈನ್‌ನಲ್ಲಿ ಮೊಬೈಲ್ ಆಪ್ ಇತ್ತು, ಎಲ್‌ಸಿಡಿ ಪರದೆ ಇತ್ತು, ನೀರಿನ ಗ್ರಾಫ್ ಇತ್ತು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಕಾಕಾಗೆ ತೋರಿಸಿದೆವು. ಅವರು ಮಡಚದ ಬೆರಳಿನಿಂದ ಪರದೆ ತೋರಿಸಿ ಕೇಳಿದರು, "ಕರೆಂಟ್ ಹೋದ್ರ ಇದು ಏನ್ ತೋರಸ್ತದ?"

ಏನೂ ತೋರಿಸುತ್ತಿರಲಿಲ್ಲ. ನಾವೂ ಅದೇ ಡಬ್ಬಿಯನ್ನೇ ಮತ್ತೆ ಮಾಡಿದ್ದೆವು.

ಈಗ ಬದಲಿಸಿದ್ದೇವೆ. ಆಟೋ ಮತ್ತು ಬಂದ್ ಅನ್ನೋಕೆ ಅಂಗೈ ಉದ್ದದ ಒಂದು ಹಿಡಿಕೆ. ಅಡ್ಡ ಇದ್ದರೆ ಬಂದ್, ನೆಟ್ಟಗೆ ಇದ್ದರೆ ಆಟೋ. ಕರೆಂಟ್ ಬೇಕಾಗಿಲ್ಲ, ಹತ್ತು ಹೆಜ್ಜೆ ದೂರದಿಂದ ಕಾಣುತ್ತದೆ, ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಬಂದ್ ಮಾಡಿ ಅದಕ್ಕೆ ಬೀಗವೂ ಹಾಕಬಹುದು. ಆಟೋದಲ್ಲಿ ಮೋಟರ್ ಚಾಲೂ ಆಗುವ ಮುಂಚೆ ಮೂವತ್ತು ಸೆಕೆಂಡು ಬಜರ್ ಕೂಗುತ್ತದೆ. ಗ್ರಾಫ್ ತೆಗೆದು ಹಾಕಿದೆವು.

ನೀವೂ ಏನಾದರೂ ಕಟ್ಟುತ್ತಿದ್ದರೆ, ರಿವ್ಯೂಗೆ ಹೋಗುವ ಮುಂಚೆ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಯಂತ್ರ ಈಗ ಯಾವ ಮೋಡ್‌ನಲ್ಲಿದೆ ಅಂತ ಹೊಸಬರು ನೋಡಿದ ಕೂಡಲೇ ಹೇಳಬಲ್ಲರೇ?
2. ಬೇರೆ ಕೆಲಸದ ಎರಡು ಸ್ವಿಚ್ ಕೈಗೆ ಒಂದೇ ತರಹ ಇವೆಯೇ?
3. ಒಂದೇ ಸಂಖ್ಯೆಗೆ ಎರಡು ಅರ್ಥ ಬರುವ ಜಾಗ ಎಲ್ಲಾದರೂ ಇದೆಯೇ?
4. ಕರೆಂಟ್ ಹೋದಾಗ ಅದು ಏನು ತೋರಿಸುತ್ತದೆ?

ನಾಲ್ಕನೆಯದು ನಮ್ಮ ಸಿಲಬಸ್‌ನಲ್ಲಿ ಇಲ್ಲ. ಅದು ಕಾಕಾ ಕೇಳಿದ್ದು.